ಹುಟ್ಟುಹಬ್ಬದ ರಕ್ತ, ಮರುತಿಂಗಳ ಬರ

ನಾಯಕರ ಹುಟ್ಟುಹಬ್ಬ ಬಂತೆಂದರೆ ಊರಿನ ಕಲ್ಯಾಣ ಮಂಟಪದಲ್ಲಿ ರಕ್ತದಾನ ಶಿಬಿರ. ಹೊರಗೆ ಫ್ಲೆಕ್ಸು, ಒಳಗೆ ಸಾಲು ಮಂಚಗಳ ಮೇಲೆ ಮೆತ್ತನೆಯ ಚೆಂಡು ಹಿಸುಕುತ್ತ ಮಲಗಿದ ಹುಡುಗರು. ಎದ್ದವರಿಗೆ ಬಾಳೆಹಣ್ಣು, ಜ್ಯೂಸ್ ಪ್ಯಾಕೆಟ್ಟು, ಪ್ರಮಾಣಪತ್ರ, ಜೊತೆಗೊಂದು ಫೋಟೊ. ಮರುದಿನ ಪೇಪರಿನಲ್ಲಿ ಇಷ್ಟು ಯೂನಿಟ್ ಸಂಗ್ರಹವಾಯಿತೆಂಬ ಸುದ್ದಿ. ಅದರಲ್ಲಿ ಎಷ್ಟು ರೋಗಿಗಳ ಮೈಸೇರಿತು, ಎಷ್ಟು ಅವಧಿ ಮುಗಿದು ಕಸವಾಯಿತು ಎಂಬ ಸುದ್ದಿಯನ್ನು ನಾನಂತೂ ಓದಿಲ್ಲ.

ಕೊಡುವ ಹುಡುಗರ ಮೇಲೆ ನನಗೆ ತಕರಾರಿಲ್ಲ. ತಕರಾರು ಲೆಕ್ಕದ್ದು. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗೆ ಐದೇ ದಿನ. ಆದರೆ ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸು 120 ದಿನ. ಊರಿನ ದಾನಿಗಳನ್ನೆಲ್ಲ ಒಂದೇ ಬೆಳಿಗ್ಗೆ ಮಲಗಿಸಿಬಿಟ್ಟರೆ ಆರು ವಾರಕ್ಕೆ ಚೀಲಗಳ ಆಯಸ್ಸು ತೀರುತ್ತದೆ, ಆಮೇಲಿನ ಏಳು ವಾರ ತೋಳು ಚಾಚುವವರೇ ಇರುವುದಿಲ್ಲ. ಬೇಸಿಗೆ ರಜೆಗೆ ಕಾಲೇಜುಗಳೂ ಮುಚ್ಚಿದವೋ, ಕೇಳುವುದೇ ಬೇಡ. ಬರವನ್ನು ನಾವೇ ಕರೆತಂದು ಅದಕ್ಕೆ ದಾಖಲೆ ಎಂದು ಹೆಸರಿಡುತ್ತೇವೆ. 2022ರ ಸೆಪ್ಟೆಂಬರ್ 17ರಂದು, ಪ್ರಧಾನಿಯ ಜನ್ಮದಿನಕ್ಕೆ, ಕೇಂದ್ರ ಸರ್ಕಾರವೇ ಮುಂದೆ ನಿಂತು ವಿಶ್ವದಾಖಲೆಯ ಮಾತಾಡಿತು. ಈ ಚಟಕ್ಕೆ ಪಕ್ಷಭೇದವಿಲ್ಲ, ಬಿಡಿ.

ಇನ್ನು ಜಾಗದ ಮಾತು. ಉತ್ತರ ಕನ್ನಡವನ್ನೇ ನೋಡಿ. ಜಿಲ್ಲಾ ಕೇಂದ್ರ ಕಾರವಾರ ಒಂದು ಅಂಚಿನಲ್ಲಿ, ಕಡಲ ದಂಡೆಗೆ. ಸಿದ್ದಾಪುರ, ಮುಂಡಗೋಡದವರು ಅಲ್ಲಿಗೆ ಬರಲು ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. 2024ರ ಜುಲೈನಲ್ಲಿ ಇದೇ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಯಿತು. ಹೆರಿಗೆಯಾದ ಮೇಲೆ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಎರಡು ತಾಸಿನೊಳಗೆ ಬಾಣಂತಿಯ ಜೀವ ಹೋಗಬಹುದು. ಆ ಹೊತ್ತಿಗೆ ಬೇಕಾದದ್ದು ಹೆರಿಗೆಯಾದ ಆಸ್ಪತ್ರೆಯಲ್ಲೇ, ಫ್ರಿಜ್ಜಿನಲ್ಲಿ ಇರುವ ರಕ್ತ.

ಅದಕ್ಕೆ ಪ್ರತಿ ತಾಲ್ಲೂಕಿನಲ್ಲೂ ರಕ್ತನಿಧಿ ಕಟ್ಟಬೇಕಿಲ್ಲ. ರಕ್ತನಿಧಿಯಿಂದ ತಂದ ರಕ್ತವನ್ನು ಇಟ್ಟುಕೊಳ್ಳುವ ಶೇಖರಣಾ ಘಟಕಗಳಿಗೆ 2001ರಲ್ಲೇ ಕಾನೂನು ದಾರಿ ಮಾಡಿಕೊಟ್ಟಿದೆ. 10 ಚದರ ಮೀಟರಿನ ಕೋಣೆ, ರಕ್ತಕ್ಕೆಂದೇ ಮಾಡಿದ ಫ್ರಿಜ್ಜು, ಕರೆಂಟು ಹೋದರೆ ಜನರೇಟರು, ಹೊಂದಾಣಿಕೆ ಪರೀಕ್ಷೆ ಮಾಡಬಲ್ಲ ಒಬ್ಬ ಟೆಕ್ನಿಷಿಯನ್. ಫ್ರಿಜ್ಜು ಕೊಂಡು ಉದ್ಘಾಟಿಸುವುದು ಸುಲಭ. ರಾತ್ರಿ ಪಾಳಿಗೆ ಟೆಕ್ನಿಷಿಯನ್ ಇಲ್ಲದಿದ್ದರೆ ಅದು ಖಾಲಿ ಕಪಾಟು.

ಸಣ್ಣ ಆಸ್ಪತ್ರೆಯಲ್ಲಿಟ್ಟರೆ ಬಳಕೆಯಾಗದೆ ಹಾಳಾಗುತ್ತದೆ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಕಿರಾಣಿ ಅಂಗಡಿಯವನು ಏನು ಮಾಡುತ್ತಾನೆ? ಹಳೆಯದನ್ನು ಮುಂದಕ್ಕಿಡುತ್ತಾನೆ, ಬೇಗ ಖರ್ಚಾಗುವ ಕಡೆ ಸಾಗಿಸುತ್ತಾನೆ. ಎರಡು ವಾರ ಆಯಸ್ಸು ಉಳಿದಿರುವಾಗಲೇ ಚೀಲಗಳನ್ನು ದೊಡ್ಡಾಸ್ಪತ್ರೆಗೆ ವಾಪಸು ಕಳಿಸಿದರೆ ಅಲ್ಲಿ ಅವು ಬೇಗ ಖರ್ಚಾಗುತ್ತವೆ. ಬದಲಿಗೆ ಹೊಸ ಚೀಲಗಳು ಬರಲಿ. ಶೀತಲ ಪೆಟ್ಟಿಗೆಯಿರುವ ಒಂದು ಜೀಪು ವಾರಕ್ಕೆರಡು ಸಲ ಓಡಿದರೆ ಸಾಕು. ಇದಕ್ಕೆ ಫ್ಲೆಕ್ಸ್ ಹಾಕಿಸಲಾಗದು, ಅದೊಂದೇ ಕೊರತೆ.

ದಾನಿಗಳಲ್ಲಿ ಒಂದು ಬಿನ್ನಹ. ಮುಂದಿನ ಹುಟ್ಟುಹಬ್ಬಕ್ಕೆ ಕರೆ ಬಂದರೆ ಹೋಗಬೇಡಿ. ರಕ್ತನಿಧಿಗೆ ಫೋನ್ ಮಾಡಿ, ನಿಮ್ಮ ಗುಂಪಿನ ರಕ್ತ ಯಾವ ವಾರ ಬೇಕೆಂದು ಕೇಳಿ, ಆ ವಾರ ಹೋಗಿ.