ನಗೆ ನಮ್ಮದು, ಲಾಭ ಯಾರದು?

ಪಾಳಿ ಮುಗಿಸಿ ಬಂದ ಕಾರ್ಮಿಕ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತೊಡನೆ ಕೈಹಾಕುವುದು ಜೇಬಿನ ಮೊಬೈಲಿಗೆ. ಅರ್ಧ ನಿಮಿಷದ ಒಂದು ವಿಡಿಯೋ ನೋಡುತ್ತಾನೆ, ನಗುತ್ತಾನೆ, ಪಕ್ಕದವನಿಗೆ ತೋರಿಸುತ್ತಾನೆ, ನಾಲ್ಕಾರು ಜನರಿಗೆ ಕಳಿಸುತ್ತಾನೆ. ಟೀ ಆರುವುದರೊಳಗೆ ಆ ನಗೆ ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ, ಅಲ್ಲಿಂದ ಬೆಂಗಳೂರಿಗೆ ಮುಟ್ಟಿರುತ್ತದೆ. ಇದಕ್ಕೆ ‘ಮೀಮ್’ ಎನ್ನುತ್ತಾರೆ. ಮನಸ್ಸಿನಿಂದ ಮನಸ್ಸಿಗೆ ನಕಲಾಗುತ್ತ ಹಬ್ಬುವ ವಿಚಾರಕ್ಕೆ 1976ರಲ್ಲಿ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಇಟ್ಟ ಹೆಸರು ಅದು. ಹುಡುಗಾಟದ ಈ ಸಂಗತಿಗೆ ಅಗ್ರಲೇಖನವೇಕೆಂದು ಕೆಲವರು ಹುಬ್ಬೇರಿಸಿಯಾರು. ಇದು ಹುಡುಗಾಟವಾಗಿ ಉಳಿದಿಲ್ಲವೆಂಬುದೇ ನಮ್ಮ ಉತ್ತರ.

ಮಾತು ಹೀಗೆ ಹಬ್ಬುವುದು ನಮ್ಮ ಸೀಮೆಗೆ ಹೊಸತಲ್ಲ. ಮಲೆ ಮಹದೇಶ್ವರನ ಕತೆಯನ್ನು ದೇವರಗುಡ್ಡರು, ಮಂಟೇಸ್ವಾಮಿಯ ಕತೆಯನ್ನು ನೀಲಗಾರರು ಊರೂರಿಗೆ ಹೊತ್ತು ತಂದದ್ದು ಬಾಯಿಂದ ಬಾಯಿಗೇ. ಆದರೆ ಹಾಡಿದವನ ಮುಖ ಕೇಳಿದವರಿಗೆ ಗೊತ್ತಿತ್ತು. ಈ ಪತ್ರಿಕೆಯಲ್ಲಿಯೂ ಮುದ್ರಕರ, ಸಂಪಾದಕರ ಹೆಸರಿದೆ; ನಾವು ಸುಳ್ಳು ಬರೆದರೆ ಓದುಗರು ಕಚೇರಿಗೆ ಬಂದು ಕೇಳಬಹುದು. ಮೊಬೈಲಿನಲ್ಲಿ ಬಂದದ್ದಕ್ಕೆ ಕಳಿಸಿದವರ ಹೆಸರಿರುತ್ತದೆ, ಹುಟ್ಟಿಸಿದವರ ಹೆಸರಿರುವುದಿಲ್ಲ. ಕಳಿಸಿದವರು ಭಾವನೋ, ಜೊತೆ ಕೆಲಸಗಾರನೋ ಆಗಿರುವುದರಿಂದ ನಾವು ನಂಬುತ್ತೇವೆ. ಅದು ಹಬ್ಬುವ ಗುಟ್ಟು ಇಷ್ಟೇ.

ಆಳುವವರನ್ನು ಕಂಡು ನಗುವುದು ಜನರ ಹಕ್ಕು. 2016ರ ‘ಜಾಗ್ವಾರ್’ ಚಿತ್ರದ ಸಮಾರಂಭವೊಂದರಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಮಗನನ್ನು ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಮಾತು 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಾಡಿನ ಮೂಲೆಮೂಲೆಗೂ ಹಬ್ಬಿತು. ಆಗ ತಂದೆ ಮುಖ್ಯಮಂತ್ರಿ, ಮಗ ಮಂಡ್ಯದ ಅಭ್ಯರ್ಥಿ. ವಂಶದ ರಾಜಕಾರಣವನ್ನು ಜನ ಎರಡು ಮಾತಿನಲ್ಲಿ ತೂಗಿದರು. ಪಕ್ಷೇತರರಾಗಿ ನಿಂತ ಶ್ರೀಮತಿ ಸುಮಲತಾ ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ನಗೆಯೊಂದೇ ಗೆಲ್ಲಿಸಿತೆಂದು ನಾವು ಹೇಳುವುದಿಲ್ಲ. ಆದರೆ ನಗೆಗೆ ಪೊಲೀಸರ ಲಾಠಿ ಮದ್ದೆಂದು ತಿಳಿಯುವ ಅಧಿಕಾರಸ್ಥರಿಗೆ, ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲೇ ರದ್ದುಮಾಡಿದ್ದನ್ನು ನೆನಪಿಸಬಯಸುತ್ತೇವೆ.

ಹಾಗೆಂದು ನಗೆಯಿಂದಲೇ ಹೊಟ್ಟೆ ತುಂಬುವುದಿಲ್ಲ. ಅದೇ ಮಂಡ್ಯದಲ್ಲಿ 1933ರಿಂದ ಇರುವ ಮೈಷುಗರ್ ಕಾರ್ಖಾನೆ ಹಲವು ಹಂಗಾಮು ನಿಂತಿದ್ದು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ‘ನಿಖಿಲ್ ಎಲ್ಲಿ’ ಎಂದು ಕೇಳಿದಷ್ಟು ಜೋರಾಗಿ ‘ಕಬ್ಬಿನ ಬಾಕಿ ಎಲ್ಲಿ, ಕಾರ್ಮಿಕನ ಕೂಲಿ ಎಲ್ಲಿ’ ಎಂದು ನಾಡು ಕೇಳಿತೇ?

ನಗೆ ಹೋಗುವ ದಾರಿಯಲ್ಲೇ ಸಾವೂ ಹೋಗುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೋ ಕರ್ನಾಟಕದಲ್ಲೆಲ್ಲ ಹರಿದಾಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಪ್ರಚಾರಕ್ಕೆ ತಯಾರಿಸಿದ ಚಿತ್ರ. ಮಗುವನ್ನು ಹಿಂತಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಅರಸಿ ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಎಂಜಿನಿಯರೊಬ್ಬ ಪ್ರಾಣ ತೆತ್ತ. ಅವರ ಕಾರಿಗಿಂತ ಮುಂಚೆ ವಾಟ್ಸಾಪ್ ಸಂದೇಶ ಮುರ್ಕಿ ಗ್ರಾಮ ಸೇರಿತ್ತು. ಕೊಂದವರು ವೃತ್ತಿಪರ ಕೊಲೆಗಡುಕರಲ್ಲ, ನಮ್ಮ ನಿಮ್ಮಂಥ ಜನ. ನಮ್ಮನ್ನು ಹೆಚ್ಚು ನಡುಗಿಸುವುದು ಇದೇ.

ಅಂಗಡಿಕಾರ ಮಿತ್ರರಿಗೂ ಇದರ ಏಟು ತಿಳಿದಿದೆ. ಹತ್ತು ರೂಪಾಯಿ ನಾಣ್ಯ ಚಲಾವಣೆಯಲ್ಲಿಲ್ಲವೆಂಬ ಗಾಳಿಮಾತು ಎಷ್ಟು ಗಲ್ಲಾಪೆಟ್ಟಿಗೆಗಳ ಮುಂದೆ ಜಗಳ ಹಚ್ಚಿಲ್ಲ? ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸಾರಿತು. ಸುಳ್ಳು ಓಡಿದ ವೇಗದಲ್ಲಿ ಆ ಸತ್ಯ ಓಡಲಿಲ್ಲ.

ಲಾಭ ಯಾರದೆಂಬ ಪ್ರಶ್ನೆಗೆ ಬರೋಣ. ವಿಡಿಯೋ ತೋರಿಸುವ ಕಂಪನಿಗಳು ಜಾಹೀರಾತುದಾರನಿಗೆ ಮಾರುವುದು ನಮ್ಮ ನೋಟವನ್ನು, ನಮ್ಮ ಹೊತ್ತನ್ನು. ಗಿರಣಿಯಲ್ಲಿ ಎಂಟು ಗಂಟೆ ದುಡಿದವನು ಮನೆಯಲ್ಲಿ ಎರಡು ಗಂಟೆ ಕೂಲಿಯಿಲ್ಲದೆ ಇನ್ನೊಬ್ಬ ಬಂಡವಾಳಗಾರನಿಗೆ ದುಡಿಯುತ್ತಾನೆ. ಡೇಟಾದ ಖರ್ಚೂ ಅವನದೇ. ಯಾವುದು ಹೆಚ್ಚು ಕೆರಳಿಸುತ್ತದೋ ಅದನ್ನೇ ಹೆಚ್ಚು ಜನರ ಮುಂದಿಡುವುದು ಈ ವ್ಯಾಪಾರಕ್ಕೆ ಹಿತ. ವಾಟ್ಸಾಪ್ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ಭಾರತದಲ್ಲಿ ತಂದದ್ದು 2018ರ ಜುಲೈನಲ್ಲಿ, ಹೆಣಗಳು ಬಿದ್ದ ಮೇಲೆ. ಮನಸ್ಸು ಮಾಡಿದರೆ ಕಡಿವಾಣ ಸಾಧ್ಯವೆಂದಾಯಿತು. ಹಾಗಿದ್ದ ಮೇಲೆ ಮೊದಲೇ ಏಕೆ ಹಾಕಲಿಲ್ಲ? ಸರ್ಕಾರ ಬಡವನ ಹಾಸ್ಯದ ಮೇಲೆ ಮೊಕದ್ದಮೆ ಹೂಡುವುದನ್ನು ಬಿಟ್ಟು ಕಂಪನಿಗಳಿಗೆ ಈ ಪ್ರಶ್ನೆ ಹಾಕಬೇಕೆಂಬುದು ನಮ್ಮ ಒತ್ತಾಯ.

ಮುಳ್ಳೂರು, ದಾಸನಪುರದಂಥ ಕಾವೇರಿ ದಂಡೆಯ ಊರುಗಳು 2018ರಲ್ಲಿ, 2019ರಲ್ಲಿ ನೆರೆ ಕಂಡಿವೆ. ನೀರು ಏರುವ ರಾತ್ರಿ ಯಾವುದೋ ಊರಿನ ಹಳೆಯ ವಿಡಿಯೋ ನಂಬಿ ಜನ ದಿಕ್ಕೆಟ್ಟು ಓಡಿದರೆ, ಅಥವಾ ಹತ್ತು ಸುಳ್ಳು ಕಂಡವರು ಹನ್ನೊಂದನೆಯ ನಿಜವಾದ ಎಚ್ಚರಿಕೆಯನ್ನೂ ನಗೆಯೆಂದು ತಳ್ಳಿದರೆ ಹೊಣೆ ಯಾರು? ಎಷ್ಟು ನೀರು ಬಿಡಲಾಗಿದೆ, ಎಂದಿಗೆ ಬರುತ್ತದೆ ಎಂಬುದನ್ನು ತಾಲ್ಲೂಕು ಆಡಳಿತ ಧ್ವನಿವರ್ಧಕದಲ್ಲಿ, ತಿಳಿಗನ್ನಡದಲ್ಲಿ, ಹೊತ್ತಿಗೆ ಸರಿಯಾಗಿ ಸಾರಬೇಕು. ಆಡಳಿತ ಮೌನವಾಗಿದ್ದಷ್ಟೂ ಗಾಳಿಮಾತಿಗೆ ಬಲ.

ಬಂಧುಗಳೇ, ನಗಿರಿ, ದೊಡ್ಡವರನ್ನು ಕಂಡು ಇನ್ನೂ ಜೋರಾಗಿ ನಗಿರಿ. ಆದರೆ ಭಯ ಹುಟ್ಟಿಸುವ ವಿಡಿಯೋ ಬಂದಾಗ, ಇದು ಯಾವ ಊರಿನದು, ಯಾವ ವರ್ಷದ್ದು, ಯಾರು ಕಂಡದ್ದು ಎಂದು ಕಳಿಸಿದವರನ್ನು ಕೇಳಿ. ಉತ್ತರ ಬಾರದಿದ್ದರೆ ಅದು ನಿಮ್ಮ ಕೈಯಲ್ಲೇ ನಿಲ್ಲಲಿ. ಪರಊರಿನಿಂದ ಕೂಲಿಗೆ ಬಂದವನೂ ನಮ್ಮಂತೆಯೇ ಶ್ರಮಜೀವಿ. ನಮ್ಮ ಬೆರಳು ಅವನ ಕೊರಳಿಗೆ ಉರುಳಾಗಬಾರದು.