ಕೆಟ್ಟರೂ ಕೈಬಿಡದ ಎಂಜಿನ್

ಕಾಸರಗೋಡು ಜಿಲ್ಲೆಯ ಮೂಡಣ ಭಾಗದ ಮುಳ್ಳೇರಿಯ, ಅಡೂರು, ಬಂದಡ್ಕ, ಪಾಣತ್ತೂರುಗಳ ಏರುದಾರಿಗಳಲ್ಲಿ ಡೀಸೆಲ್ ಜೀಪು ಬಹುಕಾಲ ಜನಜೀವನದ ಭಾಗವಾಗಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ನಾಡಿನಲ್ಲಿ ಅಡಕೆ ಮೂಟೆಯನ್ನೂ ರಬ್ಬರಿನ ಹಾಳೆಗಳನ್ನೂ ಹೆರಿಗೆ ನೋವಿನ ಹೆಂಗಸನ್ನೂ ಅದು ಒಂದೇ ನಿಷ್ಠೆಯಿಂದ ಹೊತ್ತಿದೆ. ಪೇಟೆಗಳಲ್ಲಿ ಬಾಡಿಗೆಗೆ ಓಡಿದ ಡೀಸೆಲ್ ಅಂಬಾಸಿಡರ್ ಕಾರಿನದೂ ಇದೇ ಸೇವೆ. ಇವೆರಡನ್ನೂ ಹಿರಿಯ ಚಾಲಕರು ನಂಬಿಗಸ್ತ ಗಾಡಿಗಳೆಂದೇ ನೆನೆಯುತ್ತಾರೆ. ಆ ನಂಬಿಕೆಯ ಅರ್ಥವೇನೆಂಬುದು ವಿಚಾರಾರ್ಹ. ಹಳೆಯ ಎಂಜಿನ್ ಕೆಡುತ್ತಿತ್ತು. ಕೆಲವೊಮ್ಮೆ ನಡುದಾರಿಯಲ್ಲೇ ಕೆಡುತ್ತಿತ್ತು. ಆದರೆ ಏಕೆ ಕೆಟ್ಟಿತೆಂಬುದು ಓಡಿಸುವವನಿಗೆ ತಿಳಿಯುತ್ತಿತ್ತು. ತಿಳಿದುದನ್ನು ಹತ್ತಿರದಲ್ಲೇ ಸರಿಪಡಿಸಿಕೊಳ್ಳಲು ಸಾಧ್ಯವಿತ್ತು. ಅದರ ವಿಶ್ವಾಸಾರ್ಹತೆಯ ತಿರುಳು ಇದೇ.

ಈ ಯಂತ್ರದ ತತ್ತ್ವ ಸರಳವಾದುದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿದ ಎಂಜಿನಿನಲ್ಲಿ ಕಿಡಿ ಹಾರಿಸುವ ಸಾಧನವೇ ಇರಲಿಲ್ಲ. ಹಳೆಯ ಡೀಸೆಲ್ ಕಾರುಗಳಲ್ಲಿ ಪಿಸ್ಟನ್ನು ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅಮುಕುತ್ತದೆ. ಅಮುಕಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆಗ ನಾಜಲಿನಿಂದ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನಾಗಿಯೇ ಉರಿಯುತ್ತದೆ. ಇಂಧನವನ್ನು ಅಳೆದು ಕಳುಹಿಸುವ ಪಂಪು ಎಂಜಿನಿನ ಬಲದಿಂದಲೇ ತಿರುಗುತ್ತದೆ. ಒಮ್ಮೆ ಚಾಲೂ ಆದ ಮೇಲೆ ಓಡುತ್ತಿರಲು ವಿದ್ಯುತ್ತಿನ ಹಂಗಿಲ್ಲ. ಅದನ್ನು ನಿಲ್ಲಿಸಲು ಅನೇಕ ಗಾಡಿಗಳಲ್ಲಿ ಗುಂಡಿಯೊಂದನ್ನು ಎಳೆದು ಇಂಧನವನ್ನೇ ತಡೆಯಬೇಕಿತ್ತು. ಬ್ಯಾಟರಿ ಸತ್ತ ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಗ್ಗೆ ಉರುಳಬಿಟ್ಟು ಗೇರಿಗೆ ಹಾಕಿ ಚಾಲೂ ಮಾಡುವ ರೂಢಿ ಇದರಿಂದಲೇ ಬಂದದ್ದು. ಮಳೆನೀರು ತಗುಲಿ ಕಿಡಿ ಆರಿಹೋಗುವ ಪೆಟ್ರೋಲ್ ಗಾಡಿಯ ತೊಂದರೆ ಇದಕ್ಕಿರಲಿಲ್ಲ.

ಕೆಟ್ಟಾಗ ಈ ಎಂಜಿನ್ ತನ್ನ ಕಾಯಿಲೆಯನ್ನು ತಾನೇ ತೋರಿಸುತ್ತಿತ್ತು. ಹೊಗೆ ಕಪ್ಪಾದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬೆಳ್ಳಗಿದ್ದರೆ ಡೀಸೆಲ್ ಉರಿಯದೆ ಹೊರಬೀಳುತ್ತಿದೆ, ಇಲ್ಲವೇ ಸಿಲಿಂಡರಿಗೆ ನೀರು ಸೇರುತ್ತಿದೆ. ಟ್ಯಾಂಕು ಬರಿದಾಗಿ ಕೊಳವೆಯಲ್ಲಿ ಗಾಳಿ ಹಿಡಿದರೆ, ಸ್ಕ್ರೂವೊಂದನ್ನು ಸಡಿಲಿಸಿ, ಕೈಪಂಪನ್ನು ಒತ್ತಿ, ಗುಳ್ಳೆ ನಿಲ್ಲುವವರೆಗೆ ಕಾದರೆ ಸಾಕು. ಒಂದು ಪಾನ, ಎರಡು ಕಿವಿ, ಒಂದಿಷ್ಟು ತಾಳ್ಮೆ ಇದ್ದವನಿಗೆ ಈ ವಿದ್ಯೆ ದಕ್ಕುತ್ತಿತ್ತು. ಪಂಪು ಮತ್ತು ನಾಜಲುಗಳ ಸೂಕ್ಷ್ಮ ಕೆಲಸಕ್ಕೆ ಮಾತ್ರ ಪರಿಣತರ ಅಂಗಡಿಗೆ ಹೋಗಬೇಕಾಗಿತ್ತು.

ಯಂತ್ರದ ಸರಳತೆಗೆ ಬಿಡಿಭಾಗಗಳ ಲಭ್ಯತೆಯೂ ಜೊತೆಗೂಡಿತು. ಅಂಬಾಸಿಡರಿನ 1489 ಸಿಸಿ ಡೀಸೆಲ್ ಎಂಜಿನ್ ಬ್ರಿಟಿಷ್ ವಿನ್ಯಾಸದ್ದು; 1980ರ ದಶಕದ ಮಹೀಂದ್ರ ಜೀಪುಗಳಿಗೆ ಬಂದ 2.1 ಲೀಟರಿನದು ಫ್ರಾನ್ಸಿನ ಪ್ಯೂಜೊ ವಿನ್ಯಾಸದ್ದು. ವಿನ್ಯಾಸ ಹೊರನಾಡಿನದಾದರೂ ತಯಾರಿಕೆ ಇಲ್ಲಿಯದು. 1951ರಲ್ಲಿ ಸ್ಥಾಪನೆಯಾದ ಮೈಕೊ ಸಂಸ್ಥೆಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆ ಡೀಸೆಲ್ ಪಂಪುಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಒಂದೇ ಮಾದರಿ ದಶಕಗಳ ಕಾಲ ಬದಲಾಗದೆ ಉಳಿದುದರಿಂದ ಒಬ್ಬ ಮೆಕ್ಯಾನಿಕ್ ಕಲಿತುದು ಅವನ ಶಿಷ್ಯನಿಗೂ ಉಪಯೋಗಕ್ಕೆ ಬಂತು.

ಹಾಗೆಂದು ಹಳೆಯದನ್ನು ಹಾಡಿ ಹೊಗಳಿದರೆ ಅನ್ಯಾಯವಾದೀತು. ಆ ಎಂಜಿನಿನ ಸದ್ದು ದೊಡ್ಡದು, ವೇಗ ಚಿಕ್ಕದು. ಅದಕ್ಕಿಂತ ಮುಖ್ಯವಾಗಿ, ಅದು ಉಗುಳಿದ ಹೊಗೆ ದಾರಿಬದಿಯ ಮಕ್ಕಳ ಶ್ವಾಸಕೋಶವನ್ನು ಸೇರಿದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿತು. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮ ನ್ಯಾಯವಾದುದೇ. ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಇಂಧನ ಚಿಮ್ಮಿಸಿ, ಪ್ರತಿ ಹನಿಯನ್ನೂ ಗಣಕದಿಂದ ಅಳೆಯುವ ಹೊಸ ಎಂಜಿನ್ ಹೆಚ್ಚು ಶುದ್ಧ, ಹೆಚ್ಚು ಶಕ್ತ. ಹಳೆಯ ಎಂಜಿನ್ ರಸ್ತೆ ಬಿಟ್ಟು ಇಳಿಯಲೇಬೇಕು.

ಆದರೆ ಎಂಜಿನಿನೊಂದಿಗೆ ದುರಸ್ತಿಯ ಹಕ್ಕೂ ಇಳಿದುಹೋಗಬೇಕೆಂಬ ನಿಯಮವೇನಿಲ್ಲ. ಇಂದು ಸೆನ್ಸರೊಂದು ಕೆಟ್ಟರೆ ಫಲಕದಲ್ಲಿ ದೀಪವೊಂದು ಹೊತ್ತುತ್ತದೆ. ಅದರ ಅರ್ಥ ತಿಳಿಯಲು ಬೇಕಾದ ಉಪಕರಣ ಮತ್ತು ಮಾಹಿತಿ ಬಂದಡ್ಕದ ಗ್ಯಾರೇಜಿಗೆ ಎಟಕದಿದ್ದರೆ ಗಾಡಿಯನ್ನು ಮಂಗಳೂರಿಗೆ ಎಳೆದೊಯ್ಯಬೇಕಾಗುತ್ತದೆ. ಶುದ್ಧತೆಗೆ ಸೂಕ್ಷ್ಮ ಯಂತ್ರ ಬೇಕು ನಿಜ. ಅದನ್ನು ಮುಚ್ಚಿಡುವುದು ಮಾತ್ರ ವ್ಯಾಪಾರದ ಆಯ್ಕೆ. ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಸಮಿತಿಯೊಂದನ್ನು ನೇಮಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಈ ಬೇಡಿಕೆಯನ್ನು ಗಡಿನಾಡಿನ ಗ್ರಾಮಗಳು ಗಟ್ಟಿಯಾಗಿ ಮಂಡಿಸಬೇಕು. ಪೇಟೆಯಿಂದ ದೂರವಿದ್ದವರಿಗೇ ಇದರ ಅಗತ್ಯ ಹೆಚ್ಚು.

ಇದರಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗೂ ಪಾಲಿದೆ. ಹಳೆಯ ಎಂಜಿನಿನ ವಿದ್ಯೆ ಪುಸ್ತಕದಲ್ಲಿರಲಿಲ್ಲ, ಗ್ಯಾರೇಜಿನ ಮಾತಿನಲ್ಲಿತ್ತು. ಆಯಿಲ್ ಕುಡಿಯುತ್ತದೆ, ಗಾಡಿ ಎಳೆಯುವುದಿಲ್ಲ ಎಂಬ ನುಡಿಗಳಲ್ಲಿ ಪರಭಾಷೆಯ ನಾಮಪದವನ್ನು ಕನ್ನಡದ ಕ್ರಿಯಾಪದ ಪಳಗಿಸಿಕೊಂಡಿದೆ. ಕನ್ನಡ, ತುಳು, ಮಲಯಾಳಗಳು ಬೆರೆಯುವ ಕಾಸರಗೋಡಿನ ಗ್ಯಾರೇಜುಗಳಲ್ಲಿ ಇಂಥ ಪದಸಂಪತ್ತು ಇನ್ನೂ ಶ್ರೀಮಂತವಾಗಿರುತ್ತದೆ. ವಿಜ್ಞಾನವನ್ನು ಕನ್ನಡದಲ್ಲಿ ತಿಳಿಯಾಗಿ ಹೇಳಬಹುದೆಂದು ‘ವಿಜ್ಞಾನ ಪ್ರಪಂಚ’ದ ಸಂಪುಟಗಳಲ್ಲಿ ಶಿವರಾಮ ಕಾರಂತರು ತೋರಿಸಿದ್ದಾರೆ. ಆ ದಾರಿಯಲ್ಲಿ ಮುಂದುವರಿಯಲು ದೊಡ್ಡ ಯೋಜನೆ ಬೇಕಿಲ್ಲ. ಕಿರುಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿ ತನ್ನೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ನಾಲ್ಕು ದಿನ ಕುಳಿತು ಅವರ ಮಾತನ್ನು ಬರೆದುಕೊಂಡರೆ, ಈ ಭಾಗದ ದುಡಿಮೆಯ ಕನ್ನಡಕ್ಕೆ ಒಂದು ದಾಖಲೆಯಾಗುತ್ತದೆ. ಕೊನೆಯ ಹಳೆಯ ಜೀಪು ಗುಜರಿ ಸೇರುವ ಮೊದಲು ಆ ಕೆಲಸ ಆಗಬೇಕು. ಯಂತ್ರ ಹೋದ ಮೇಲೆ ಮಾತು ಬಹಳ ಕಾಲ ಉಳಿಯುವುದಿಲ್ಲ.