ಮ್ಯೂಟಿನಿಯೋ, ರೆಬೆಲಿಯನ್ನೋ?

ಇಂಗ್ಲಿಷಿನ ‘ಮ್ಯೂಟಿನಿ’ ಎಂಬ ನಾಮಪದವನ್ನು ಸಲ್ಲದ ಕಡೆಯಲ್ಲಿಯೂ ಬಳಸುವುದುಂಟು. ಸೈನಿಕರೋ ನಾವಿಕರೋ ಮೇಲಧಿಕಾರಿಗಳ ಆಜ್ಞೆಯನ್ನು ಧಿಕ್ಕರಿಸಿ ಒಟ್ಟಾಗಿ ತಿರುಗಿಬಿದ್ದರೆ ಅದು ಮ್ಯೂಟಿನಿ. 1857ರಲ್ಲಿ ಮೀರತ್ತಿನ ಸಿಪಾಯಿಗಳು, 1946ರಲ್ಲಿ ಮುಂಬಯಿಯ ನಾವಿಕರು ಎದ್ದುದಕ್ಕೆ ಈ ಪದವು ಒಪ್ಪುತ್ತದೆ.

ಆದರೆ ‘ನರಗುಂದ ಮ್ಯೂಟಿನಿ’ ಎಂದು ಬರೆಯುವುದು ಸರಿಯಲ್ಲ. ನರಗುಂದದ ಬಾಬಾಸಾಹೇಬ ಭಾವೆಯವರು ಕಂಪನಿಯ ಸಂಬಳದ ಸಿಪಾಯಿಯಾಗಿರಲಿಲ್ಲ, ಸಂಸ್ಥಾನದ ಒಡೆಯರಾಗಿದ್ದರು. ದತ್ತಕಕ್ಕೆ ಅನುಮತಿ ದೊರೆಯದೆ ನೊಂದಿದ್ದ ಅವರು 1858ರಲ್ಲಿ ಶಸ್ತ್ರ ಹಿಡಿದರು. ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದರು. ಆದುದರಿಂದ ‘ದಿ ಚೀಫ್ ಆಫ್ ನರಗುಂದ ರೋಸ್ ಇನ್ ರೆಬೆಲಿಯನ್’ ಎಂಬುದೇ ಸರಿಯಾದ ವಾಕ್ಯ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರಭಾರದ ವಿರುದ್ಧ ಅಲ್ಲಿಯ ರೈತರು ಸಿಡಿದೆದ್ದುದೂ ಮ್ಯೂಟಿನಿಯಲ್ಲ. ಅದನ್ನು ‘ರಿವೋಲ್ಟ್’ ಎನ್ನಬಹುದು.

ಕನ್ನಡದ ‘ಬಂಡಾಯ’ವು ಇವೆಲ್ಲಕ್ಕೂ ಸಲ್ಲುವುದರಿಂದಲೇ ಇಂಗ್ಲಿಷಿನಲ್ಲಿ ನಾವು ಎಡವುತ್ತೇವೆ. ಮ್ಯೂಟಿನಿ ಎಂದೊಡನೆ, ಎದ್ದವನು ಆಳು, ಎದುರಿಗಿದ್ದವನು ಒಡೆಯ ಎಂದು ಒಪ್ಪಿಕೊಂಡಂತಾಗುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳ ವಿದ್ಯಾರ್ಥಿಗಳು ತಮ್ಮ ನೆಲದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಈ ಭೇದವನ್ನು ಮರೆಯದಿರಲಿ. ಪದವೊಂದು ತಪ್ಪಿದರೆ ವ್ಯಾಕರಣ ಕೆಡದಿರಬಹುದು, ನ್ಯಾಯ ಕೆಡುತ್ತದೆ.